ಬೂದಿನೀರು

ರಬಕವಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಬೂದಿ ಶಂಕ್ರೆವ್ವನ ಮನಿ ಎಲ್ಲೈತ್ರಿ?" ಎಂದು ಯಾರನ್ನಾದರೂ ಕೇಳಿ ನೋಡಿ. ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಕೈ ನೋಡುತ್ತಾರೆ, ನರೂಲಿ ಎಲ್ಲಿ ಎದ್ದಿದೆ ಎಂದು ಕಣ್ಣಲ್ಲೇ ಹುಡುಕುತ್ತಾರೆ, ಸಿಕ್ಕ ಮೇಲೆಯೇ ದಾರಿ ಹೇಳುತ್ತಾರೆ. ಅಷ್ಟು ಹೆಸರು ಆಕೆಯದು. ಮುಧೋಳ, ಬೀಳಗಿ, ತೇರದಾಳ, ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಕತ್ತಿನ ಮೇಲೆ ಕಡಲೆಕಾಳಿನಷ್ಟು ನರೂಲಿ ಎದ್ದವರು, ಗಲ್ಲದ ಮೇಲೆ ಕರೀ ಮಚ್ಚೆ ಇದ್ದವರು, ಕೈತುಂಬ ಗಂಟುಗಳಾಗಿ ನಾಲ್ಕು ಜನರ ಮುಂದೆ ಕೈ ಚಾಚಲು ನಾಚುವವರು. ರವಿವಾರ ಇಲ್ಲವೇ ಅಮಾವಾಸ್ಯೆ, ಬಿಸಿಲೇರುವ ಮುನ್ನ, ಬರಿಹೊಟ್ಟೆಯಲ್ಲಿ ಬಂದು ಕಟ್ಟೆಯ ಮೇಲೆ ಸಾಲಾಗಿ ಕೂರಬೇಕು.

ಶಂಕ್ರೆವ್ವ ಮಿಂದು, ಹಣೆಗೆ ವಿಭೂತಿ ಬಳಿದು, ದೇವರ ಮಾಡದಿಂದ ನೀಲಿ ಸೀಸೆ ತರುತ್ತಿದ್ದಳು. ಜೋಳದ ದಂಟಿನ ಸಿಬಿರನ್ನು ಅದರಲ್ಲಿ ಅದ್ದಿ ನರೂಲಿಯ ನೆತ್ತಿಗೆ ಒಂದು ಹನಿ, ಒಂದೇ ಒಂದು ಹನಿ. "ಮೂರ ದಿನ ನೀರ ತಾಗಬಾರದು. ಉರಿ ಎದ್ದರ ಬೆಣ್ಣಿ ಹಚ್ಚು. ನೀರ ಬಿತ್ತಂದ್ರ ಔಷಧದ ಗುಣ ಹೋಗ್ತೈತಿ ನೋಡು, ಆಮ್ಯಾಗ ನನ್ನ ಬೈಬ್ಯಾಡ." ದುಡ್ಡು ಮುಟ್ಟುತ್ತಿರಲಿಲ್ಲ. ಎಂಟು ದಿನದಲ್ಲಿ ನರೂಲಿ ಕಪ್ಪಾಗಿ ಒಣಗಿ ಬಿದ್ದುಹೋಗುತ್ತಿತ್ತು. ಏನು ಹಾಕುತ್ತೀರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. "ಬರೇ ಬೂದಿನೀರವ್ವಾ. ಕೂಸಿಗಿ ಹಚ್ಚಿದರೂ ಏನೂ ಆಗಂಗಿಲ್ಲ."

ಅದು ಸುಳ್ಳು. ಹನ್ನೊಂದು ವರ್ಷದಿಂದ ಸುಳ್ಳು.

ಅದಕ್ಕೂ ಮೊದಲು ಖರೇನೇ ಇತ್ತು. ಆಕೆಯ ಅತ್ತೆ ಶ್ರಾವಣದಲ್ಲಿ ಉತ್ತರಾಣಿ ಗಿಡ ಕಿತ್ತು ತಂದು, ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಲ್ಲಿ ಕಲಸಿ ಏಳು ಸಲ ಬಟ್ಟೆಯಲ್ಲಿ ಸೋಸಿ, ಮಣ್ಣಿನ ಗಡಿಗೆಯಲ್ಲಿ ಇಂಗಿಸುತ್ತಿದ್ದಳು. ಸಾಯುವ ಮುನ್ನ ಸೊಸೆಯೊಬ್ಬಳನ್ನೇ ಹತ್ತಿರ ಕರೆದು ಕಿವಿಯಲ್ಲಿ ಹೇಳಿದ್ದಳು. ಯಾರಿಗೂ ಬಾಯಿ ಬಿಡಬಾರದು, ಬಿಟ್ಟರೆ ಕೈಗುಣ ಹೋಗುತ್ತದೆ ಎಂದು ಆಣೆ ಹಾಕಿಸಿಕೊಂಡಿದ್ದಳು. ಆದರೆ ಊರು ಬೆಳೆಯಿತು, ಉತ್ತರಾಣಿ ಬೆಳೆಯುತ್ತಿದ್ದ ಬಯಲಿನಲ್ಲೆಲ್ಲ ಮಗ್ಗದ ಶೆಡ್ಡುಗಳೆದ್ದವು. ಶಂಕ್ರೆವ್ವನ ಮೊಣಕಾಲೂ ಮೊದಲಿನಂತಿರಲಿಲ್ಲ. ಎಲ್ಲಿಯ ಉತ್ತರಾಣಿ, ಎಲ್ಲಿಯ ಏಳು ಸಲ ಸೋಸುವುದು!

ಮನೆಯ ಹಿತ್ತಲಲ್ಲೇ ಮಗ ಈಶ್ವರನ ಬಣ್ಣದ ಶೆಡ್ಡು. ಸೀರೆಯ ನೂಲಿಗೆ ಬಣ್ಣ ಹಾಕಿಕೊಡುವ ಕೆಲಸ. ಅಲ್ಲಿ ಚೀಲಗಟ್ಟಲೆ ಕಾಸ್ಟಿಕ್ ಇರುತ್ತಿತ್ತು. ನೂಲು ಕುದಿಸುವಾಗ ಅದರ ಜಿಡ್ಡು ತೆಗೆಯಲು ಹಾಕುವ ಬಿಳೀ ಹಳಕು ಅದು. ಮೈಗೆ ತಾಗಿದರೆ ಮಾಂಸ ಬಿಡದೆ ತಿನ್ನುತ್ತದೆ. ಒಂದು ದಿನ ಚಹಾ ಕೊಡಲು ಹೋದಾಗ ಕೆಲಸದ ಯಲ್ಲಾಲಿಂಗ ನಗುತ್ತ ಬೆರಳು ತೋರಿಸಿದ. "ನೋಡ್ರಿ ಅಮ್ಮಾರ, ನಿಮ್ಮ ಔಷಧ ಬ್ಯಾಡ, ಏನೂ ಬ್ಯಾಡ. ಕಾಸ್ಟಿಕ್ ಸಿಡಿದು ನನ್ನ ನರೂಲಿ ತಾನ ಉದುರಿತು." ಆತ ಚೇಷ್ಟೆ ಮಾಡಿದ, ಶಂಕ್ರೆವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಮರುದಿನ ಖಾಲಿ ಚಹಾ ಕಪ್ಪಿನಲ್ಲಿ ನಾಲ್ಕು ಹಳಕು ಬಂದವು. ನೀರು ಬೆರೆಸಿದಳು, ಬಣ್ಣ ಬರಲೆಂದು ಬಚ್ಚಲ ಒಲೆಯ ಬೂದಿ ಒಂದು ಚಿಟಿಕೆ ಹಾಕಿದಳು. ಮೊದಲು ತಿಂಗಳು ಹಿಡಿಯುತ್ತಿದ್ದ ನರೂಲಿ ವಾರದಲ್ಲಿ ಬಿತ್ತು. ಜನ ದುಪ್ಪಟ್ಟಾದರು. ಒಂದು ಹನಿಗಿಂತ ಹೆಚ್ಚು ಹಾಕುವುದಿಲ್ಲವಲ್ಲ, ಏನಾದೀತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಹನ್ನೊಂದು ವರ್ಷ ಏನೂ ಆಗಲಿಲ್ಲ.

ಶೆಡ್ಡಿನಲ್ಲಿ ಈಶ್ವರನದೊಂದು ಕಟ್ಟಪ್ಪಣೆಯಿತ್ತು. "ಮೊದಲ ನೀರ, ಆಮ್ಯಾಗ ಮಾತ." ಯಲ್ಲಾಲಿಂಗನ ಪಾದದ ಮೇಲೆ ಒಮ್ಮೆ ಕಾಸ್ಟಿಕ್ ಚೆಲ್ಲಿದಾಗ, ಏನಾಯಿತೆಂದು ಕೇಳದೆ ಎತ್ತಿ ನೀರಿನ ಟಾಕಿಗೆ ಹಾಕಿದ್ದ. ಪಾದ ಉಳಿಯಿತು. ಅಂದಿನಿಂದ ಆ ಸಿಮೆಂಟಿನ ಟಾಕಿ ಯಾವತ್ತೂ ತುಂಬಿರಬೇಕು. ಹೀಗೆ ಅಂಗಳದ ಆಚೆ ಒಂದು ಮಾತು, ಈಚೆ ಒಂದು ಮಾತು. ಅಲ್ಲಿ ಮೊದಲು ನೀರು, ಇಲ್ಲಿ ನೀರು ತಾಗಬಾರದು. ಎರಡನ್ನೂ ಬಲ್ಲವಳು, ಎರಡೂ ಒಂದೇ ಪದಾರ್ಥಕ್ಕೆ ಎಂದು ಬಲ್ಲವಳು, ಶಂಕ್ರೆವ್ವ ಒಬ್ಬಳೇ.

ಇನ್ನು ಅಕ್ಷತಾ. ಈಶ್ವರನ ಒಬ್ಬಳೇ ಮಗಳು, ಬನಹಟ್ಟಿಯಲ್ಲಿ ಬಿ.ಕಾಂ ಕೊನೆಯ ವರ್ಷ. ಆಯಿ ಆಯಿ ಎಂದು ಅಜ್ಜಿ ಶಂಕ್ರೆವ್ವನ ತೊಡೆಯ ಮೇಲೆಯೇ ಬೆಳೆದ ಹುಡುಗಿ. ಕಾಲೇಜು ಮುಗಿಸಿ ಸಂಜೆ ಚನಮಲ್ಲಪ್ಪನ ಸೀರೆ ಅಂಗಡಿಗೆ ಹೋಗುತ್ತಿದ್ದಳು. ಈಗ ಸೀರೆ ವ್ಯಾಪಾರವೆಲ್ಲ ಫೋನಿನಲ್ಲಿ ತಾನೆ? ಅಕ್ಷತಾ ಸೀರೆಯನ್ನು ಹೆಗಲ ಮೇಲೆ ಹರವಿಕೊಂಡು, ಸೆರಗು ತೋರಿಸಿ, ಅಂಚು ತೋರಿಸಿ, ಪಟಪಟ ಮಾತಾಡಿದರೆ ಸೋಲಾಪುರದವರು, ಕೊಲ್ಲಾಪುರದವರು ಕುಳಿತಲ್ಲೇ ಸೀರೆ ಹಿಡಿಯುತ್ತಿದ್ದರು. ಹುಡುಗಿಗೆ ಅದೆಷ್ಟು ಹಿಗ್ಗು! ಒಂದೇ ಕೊರಗು, ಮೊಡವೆ ಹೋದ ಮೇಲೆ ಎರಡೂ ಗಲ್ಲದ ಮೇಲೆ ಉಳಿದ ಕಪ್ಪು ಕಲೆ. ಒಂದು ದಿನ ಯಾವನೋ ಪುಣ್ಯಾತ್ಮ ಲೈವಿನಲ್ಲೇ ಬರೆದ, "ಸೀರಿ ಛಲೋ ಐತಿ, ಮಾರಿ ಮ್ಯಾಲ ಏನ ಸಿಡಿದೈತಿ?" ಎಂದು. ನೂರಾರು ಜನ ಅದಕ್ಕೆ ನಕ್ಕರು. ಚನಮಲ್ಲಪ್ಪ ಒಳ್ಳೆಯ ಮಾತಿನಲ್ಲೇ ಹೇಳಿದ, "ಸ್ವಲ್ಪ ಮಾರಿ ಕಡೆ ನೋಡ್ಕೋ ತಂಗಿ. ದೀಪಾವಳಿ ಮಾಲ ಬರಾಕತ್ತೈತಿ."

ಅಂದಿನಿಂದ ಹುಡುಗಿ ಕನ್ನಡಿ ಬಿಡಲಿಲ್ಲ. ಫೋನು ನೋಡಿ ಲಿಂಬೆಹುಳಿ ತಿಕ್ಕಿದಳು, ಅಡುಗೆ ಸೋಡಾ ತಿಕ್ಕಿದಳು, ಹಲ್ಲುಜ್ಜುವ ಪೇಸ್ಟ್ ಬಳಿದುಕೊಂಡು ಕುಳಿತಳು. ಕಲೆ ಇನ್ನಷ್ಟು ಕಪ್ಪಾದವು. ಕೊನೆಗೆ ಆಯಿಯ ಬೆನ್ನು ಹತ್ತಿದಳು.

"ನನಗಷ್ಟ ಹಚ್ಚ ಆಯಿ. ಊರ ಮಂದಿಗೆಲ್ಲಾ ಹಚ್ತಿ."

"ಅದು ನರೂಲಿಗವ್ವಾ. ಮಾರಿತುಂಬ ಹಚ್ಚೂದಲ್ಲ."

"ಯಾಕ? ಬರೇ ಬೂದಿನೀರ ಹೌದಿಲ್ಲೋ? ಕೂಸಿಗಿ ಹಚ್ಚಿದರೂ ಏನೂ ಆಗಂಗಿಲ್ಲಂತ ನೀನ ಅಂತಿ."

ಶಂಕ್ರೆವ್ವ "ಹೇಳಿದಷ್ಟ ಕೇಳು, ಹೆಚ್ಚಿಂದ ಮಾತಾಡಬ್ಯಾಡ" ಎಂದು ಗದರಿ, ಸೀಸೆಯನ್ನು ಮಾಡದೊಳಗೆ ಇನ್ನಷ್ಟು ಹಿಂದಕ್ಕೆ ತಳ್ಳಿದಳು. ಇದು ಸುಡುತ್ತದೆ ತಂಗಿ, ಮುಟ್ಟಬೇಡ ಎಂಬ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ. ಸೊಸೆ ರಾಧಿಕಾ ತವರಿಗೆಂದು ತೇರದಾಳಕ್ಕೆ ಹೋಗಿದ್ದಳು. ಶಂಕ್ರೆವ್ವ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಒಳಗಿನಿಂದ ಒಂದು ಚೀರಾಟ ಕೇಳಿತು. ಮಗ್ಗಗಳ ಗದ್ದಲವನ್ನೂ ಸೀಳಿಕೊಂಡು ಬಂದ ಆ ಚೀರಾಟಕ್ಕೆ ಮೊರ ಕೈಜಾರಿ ಜೋಳವೆಲ್ಲ ಚೆಲ್ಲಿತು. ಅಕ್ಷತಾ ಬಲಗಣ್ಣನ್ನು ಎರಡೂ ಕೈಯಿಂದ ಒತ್ತಿ ಹಿಡಿದು, ಗೋಡೆಗೆ ಬಡಿದುಕೊಳ್ಳುತ್ತ ಹೊರಗೆ ಬಂದಳು. ಆ ಕಡೆಯ ಗಲ್ಲವೆಲ್ಲ ಒದ್ದೆ. ಒಂದು ಕೈಯಲ್ಲಿ ತೊಯ್ದ ಹತ್ತಿ ಇನ್ನೂ ಹಾಗೇ ಇತ್ತು.

"ಆಯೀ, ನಿನ್ನ ಬೂದಿನೀರ... ಕಣ್ಣಾಗ ಇಳೀತು... ನೀರ, ನೀರ ಹಾಕ ಆಯೀ!"

ಏನಾಗಿದೆ, ಏನು ಮಾಡಬೇಕು, ಎರಡೂ ಆ ಕ್ಷಣದಲ್ಲೇ ಶಂಕ್ರೆವ್ವನಿಗೆ ಗೊತ್ತಾಯಿತು. ಹತ್ತು ಹೆಜ್ಜೆಯ ಮೇಲೆ ಟಾಕಿ ತುಂಬಿ ನಿಂತಿತ್ತು. "ಟಾಕಿಗೆ ಓಡು" ಎಂದು ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಚೀರಾಟ ಕೇಳಿ ಪಕ್ಕದ ಮನೆಯ ಹೆಂಗಸರು ಬಾಗಿಲಿಗೆ ಬಂದಿದ್ದರು. ಎಲ್ಲರೂ ಆಕೆಯಿಂದ ಹನಿ ಹಾಕಿಸಿಕೊಂಡವರೇ. "ಅಯ್ಯ, ಅಮ್ಮಾರ ಔಷಧ ಅಂತ. ನೀರ ತಾಗಿಸಬ್ಯಾಡ್ರಿ, ಬೆಣ್ಣಿ ತರ್ರಿ ಬೆಣ್ಣಿ!" ಎಂದು ಒಬ್ಬಳು ಆಗಲೇ ಒಳಗೆ ಓಡಿದಳು. ನೀರು ಎಂದರೆ ಮುಗಿಯಿತು. ಯಾಕೆ ನೀರು ಎಂದು ಎಲ್ಲರೂ ಕೇಳುತ್ತಾರೆ, ಈಶ್ವರ ಕೇಳುತ್ತಾನೆ, ನಲವತ್ತು ವರ್ಷದ ಹೆಸರು ಅಲ್ಲೇ ಅಂಗಳದಲ್ಲಿ ಬಿದ್ದುಹೋಗುತ್ತದೆ. ಶಂಕ್ರೆವ್ವನ ಬಾಯಿಂದ ಹೊರಟದ್ದು ಹಳೆಯ ಮಾತೇ.

"ನೀರ ತಾಗಬಾರದವ್ವಾ. ಬೆಣ್ಣಿ ಹಚ್ತೇನಿ ತಡಿ. ಅಷ್ಟಕ್ಕ ಆರತೈತಿ."

ಅಷ್ಟೇ ಅಲ್ಲ. ಹುಡುಗಿ ಟಾಕಿಯ ಕಡೆ ತಾನೇ ತಡವರಿಸಿ ಹೊರಟಾಗ ಆಕೆಯ ಎರಡೂ ಮಣಿಕಟ್ಟು ಹಿಡಿದು ಕೂರಿಸಿದವಳು ಶಂಕ್ರೆವ್ವನೇ. ಅಕ್ಷತಾ ಕಾಲು ಬಡಿದಳು, ಅತ್ತಳು, ಆಯಿ ಆಯಿ ಎಂದು ಅಂಗಲಾಚಿದಳು. ಬೆಣ್ಣೆ ಬಂತು. ಗಲ್ಲಕ್ಕೆ ಬಳಿದರು, ರೆಪ್ಪೆಗೆ ಬಳಿದರು. ಶಂಕ್ರೆವ್ವನ ಬೆರಳಿಗೆ ಮೊಮ್ಮಗಳ ಚರ್ಮ ಸಾಬೂನಿನಂತೆ ಜಾರುತ್ತಿತ್ತು. ಹತ್ತು ನಿಮಿಷ ಹಾಗೆಯೇ ಹೋಯಿತು, ಇಲ್ಲ ಹನ್ನೆರಡು.

ನೂಲು ತರಲು ಹೊರಗೆ ಹೋಗಿದ್ದ ಈಶ್ವರ ಮತ್ತು ಯಲ್ಲಾಲಿಂಗ ಆಗಷ್ಟೇ ಬಂದು ಗಂಟು ಇಳಿಸಿದವರು, ಗದ್ದಲ ಕೇಳಿ ಹಿತ್ತಲಿಂದ ಓಡಿ ಬಂದರು. ಯಲ್ಲಾಲಿಂಗ ಹುಡುಗಿಯ ಮುಖ ಹಿಡಿದು ನೋಡಿದವನು ತನ್ನ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದ. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ದುಡಿದವನಿಗೆ ಆ ಜಾರು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ.

"ಸಾವಕಾರ್ರ, ಇದು ನಮ್ಮ ಕಾಸ್ಟಿಕ್ಕರೀ!"

ಈಶ್ವರ ಮಗಳನ್ನು ಎತ್ತಿಕೊಂಡು ಹೋಗಿ ತಲೆಯನ್ನು ಟಾಕಿಯ ನಲ್ಲಿಯ ಕೆಳಗೆ ಹಿಡಿದ. ಹೆಂಗಸರೆಲ್ಲ ಅತ್ತ ಓಡಿದರು. ಅಂಗಳದಲ್ಲಿ ಚೆಲ್ಲಿದ ಜೋಳದ ನಡುವೆ ಶಂಕ್ರೆವ್ವ ಒಬ್ಬಳೇ ಉಳಿದಳು. ಆಗ ಆಕೆ ಎದ್ದಳು, ಒಳಗೆ ಹೋದಳು. ಕನ್ನಡಿಯ ಮುಂದಿದ್ದ ನೀಲಿ ಸೀಸೆಯನ್ನು ಬಚ್ಚಲಿಗೆ ಒಯ್ದು ಬಗ್ಗಿಸಿದಳು. ಮೂರು ಸಲ ತೊಳೆದಳು. ಬರಿ ನೀರು ತುಂಬಿ, ಒಲೆಯ ಬೂದಿ ಒಂದು ಚಿಟಿಕೆ ಉದುರಿಸಿ, ಬಿರಡೆ ಹಾಕಿ, ಮತ್ತೆ ಕನ್ನಡಿಯ ಮುಂದೆ ಇಟ್ಟಳು. ಗಾಬರಿಯಲ್ಲಿ ಏನು ಮಾಡಿದಳೋ ಆಕೆಗೇ ತಿಳಿಯದು ಎಂದರೆ ಸುಳ್ಳಾಗುತ್ತದೆ. ಎಲ್ಲ ತಿಳಿದೇ ಮಾಡಿದಳು. ಹೊರಗೆ ಮೊಮ್ಮಗಳು ಒರಲುತ್ತಿದ್ದಳು, ಒಳಗೆ ಆಕೆ ಸೀಸೆ ತೊಳೆಯುತ್ತಿದ್ದಳು.

ಜಮಖಂಡಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಣ್ಣಿಗೆ ಮತ್ತೆ ನೀರು ಬಿಟ್ಟರು, ಬಾಟಲಿಗಟ್ಟಲೆ ಬಿಟ್ಟರು. ಆಮೇಲೆ ಹೊರಗೆ ಬಂದು ಕೇಳಿದರು, "ತಾಗಿದ ಕೂಡಲೇ ನೀರು ಹಾಕಿದ್ರಾ?"

ಮೊದಲು ಬೆಣ್ಣೆ ಹಚ್ಚಿದರೆಂದು ಈಶ್ವರ ಹೇಳಿದ.

"ಬೆಣ್ಣೆ ಯಾಕೆ ಹಚ್ಚಿದ್ರಿ? ಇಂಥದು ತಾಗಿದಾಗ ಅರ್ಧ ತಾಸು ಬಿಡದೆ ನೀರು ಹಾಕಬೇಕು, ಬೇರೇನೂ ಮುಟ್ಟಿಸಬಾರದು. ಮೊದಲ ಐದು ನಿಮಿಷದಲ್ಲಿ ಹಾಕಿದ್ದರೆ ಕಣ್ಣು ಉಳಿಯುವ ಆಸೆ ಇತ್ತು. ಬೆಳಗಾವಿಗೆ ಬರೆದು ಕೊಡ್ತೀನಿ. ದೃಷ್ಟಿ ಬರ್ತದೆ ಅಂತ ನಾನು ಸುಳ್ಳು ಹೇಳೋದಿಲ್ಲ."

ಐದು ನಿಮಿಷ. ಶಂಕ್ರೆವ್ವ ಬೆಂಚಿನ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕುಳಿತಳು. ಆಕೆಯ ಕೈಗಳು ಆ ಎಳೆಯ ಮಣಿಕಟ್ಟನ್ನು ಇನ್ನೂ ಹಿಡಿದೇ ಇದ್ದಂತೆ ಬಿಗಿದಿದ್ದವು.

ಅಕ್ಷತಾ ಮೊದಲ ದಿನದಿಂದ ಒಂದೇ ಮಾತು ಹೇಳಿದಳು, ತಾನು ಹಚ್ಚಿಕೊಂಡದ್ದು ಆಯಿಯ ಸೀಸೆಯ ನೀರು. ಬಟ್ಟೆ ಒಯ್ಯಲು ಮನೆಗೆ ಬಂದ ಈಶ್ವರ ಸೀಸೆಯ ಬಿರಡೆ ತೆಗೆದ. ಎರಡು ಹನಿ ಬೆರಳಿಗೆ ಹಾಕಿ ತಿಕ್ಕಿದ, ಜಾರಲಿಲ್ಲ. ಧೈರ್ಯ ಮಾಡಿ ನಾಲಿಗೆ ತುದಿಗೆ ಮುಟ್ಟಿಸಿದ. ಬೂದಿ.

"ಯವ್ವಾ, ಬೂದಿನೀರ ಐತಿದು," ಎಂದ. ಬಾಗಿಲಿಗೆ ಹಣೆಯಿಟ್ಟು ಬಿಕ್ಕಿದ. "ಅಕ್ಷಿ ಸುಳ್ಳ ಹೇಳಾಕತ್ತಾಳ. ಶೆಡ್ಡಿನ್ಯಾಗ ಚೀಲಾ ಬಾಯಿ ತಗದ ಇಟ್ಟಾಂವ ನಾ. ಅಲ್ಲೇ ತಗೊಂಡಾಳ. ತಪ್ಪ ನಂದ."

ಶಂಕ್ರೆವ್ವ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಮಗ ಅಳುವುದನ್ನು ನೋಡುತ್ತ ನಿಂತಳು. ಆ ದಿನವೇ ಈಶ್ವರ ಕಾಸ್ಟಿಕ್ಕನ್ನೆಲ್ಲ ಡ್ರಮ್ಮಿಗೆ ಸುರಿದು ಮುಚ್ಚಳ ಬಿಗಿದ.

ಬೆಳಗಾವಿಯಿಂದ ಇಪ್ಪತ್ತಾರು ದಿನಕ್ಕೆ ಹುಡುಗಿ ಮನೆಗೆ ಬಂದಳು. ಬಲಗಣ್ಣಿನ ಕರೀಗುಡ್ಡೆ ಬೆಳ್ಳಗಾಗಿ ಹೋಗಿತ್ತು. ಆ ಕಡೆಯ ಗಲ್ಲ ಕೆಂಪಾಗಿ ಮಿರಮಿರ ಮಿಂಚುತ್ತ, ತುಟಿಯ ಕೊನೆಯನ್ನು ಮೇಲಕ್ಕೆ ಎಳೆದಿತ್ತು. ಆ ಗಲ್ಲದ ಮೇಲೆ ಕಪ್ಪು ಕಲೆ ಮಾತ್ರ ಒಂದೂ ಇರಲಿಲ್ಲ. ಚನಮಲ್ಲಪ್ಪನ ಅಂಗಡಿಯಲ್ಲಿ ದೀಪಾವಳಿಯ ಸೀರೆಯನ್ನು ಬೇರೆ ಹುಡುಗಿ ತೋರಿಸುತ್ತಿದ್ದಳು. ನೋಡಲು ಬಂದ ಹೆಂಗಸರು ಅಕ್ಷತಾಳ ಎದುರಿಗೇ ಮಾತಾಡಿಕೊಂಡರು. ಫೋನಿನ ಹುಚ್ಚು, ಶೆಡ್ಡಿನ ಮಾಲು ಮಾರಿಗೆ ಬಳಿದುಕೊಂಡಳಂತೆ, ಮೇಲೆ ಮುದುಕಿಯ ಹೆಸರು ಹಾಳು ಮಾಡಲು ನೋಡಿದಳಂತೆ. ರಾಧಿಕಾ ಅವರನ್ನು ಬೈದು ಹೊರಗೆ ಕಳಿಸಿದಳು. ಬಾಗಿಲು ಹಾಕಿಕೊಂಡ ಮೇಲೆ, ಶೆಡ್ಡಿನದೇ ಬಳಿದುಕೊಂಡೆಯಾ ಎಂದು ಅವಳೂ ಮಗಳನ್ನು ಕೇಳಿದಳು.

"ತಪ್ಪಾತು ಅಂತ ಒಮ್ಮೆ ಅಂದಬಿಡ ಅಕ್ಷೀ," ಎಂದ ಈಶ್ವರ, "ಯಾರೂ ಏನೂ ಅನ್ನಂಗಿಲ್ಲ."

"ನಾ ಶೆಡ್ಡಿನ್ಯಾಗ ಕಾಲ ಇಟ್ಟಿಲ್ಲಪ್ಪಾ."

"ಸೀಸೆ ನಾನ ನೆಕ್ಕಿ ನೋಡೇನಲ್ಲ!"

ಹುಡುಗಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಯಿಯನ್ನು ಏನೂ ಕೇಳಲಿಲ್ಲ. ಒಂದು ಮಾತು ಬೈದಿದ್ದರೆ, ಒಂದು ಸಲ ಕೂದಲು ಹಿಡಿದು ಎಳೆದಿದ್ದರೆ ಶಂಕ್ರೆವ್ವನಿಗೆ ಉಸಿರಾಡಲು ಬರುತ್ತಿತ್ತೇನೋ. ರೊಟ್ಟಿ ಬಡಿಯುವಾಗ, ನೀರು ತರುವಾಗ, ಪೂಜೆಗೆ ಕುಳಿತಾಗ, ಉಳಿದ ಒಂದೇ ಕಣ್ಣು ತನ್ನ ಬೆನ್ನ ಮೇಲಿರುವುದು ಆಕೆಗೆ ಗೊತ್ತಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ. ಇವತ್ತು ಹೇಳುತ್ತೇನೆ ಎಂದು ಬೆಳಿಗ್ಗೆ ಏಳುವಳು, ನಾಲಿಗೆ ಏಳುತ್ತಿರಲಿಲ್ಲ. ಕಣ್ಣಂತೂ ಹೋಯಿತು, ಹೇಳಿದರೆ ತಿರುಗಿ ಬರುತ್ತದೆಯೇ? ಹೀಗೆ ಕೆಟ್ಟ ಲೆಕ್ಕ ಹಾಕಿಕೊಳ್ಳುತ್ತ ದಿನ ನೂಕಿದಳು.

ರವಿವಾರದ ಜನ ನಿಲ್ಲುತ್ತಾರೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಮೊದಲಿಗಿಂತ ಹೆಚ್ಚೇ ಬಂದರು. ಹುಡುಗಿ ಮನೆಗೆ ಬಂದ ಮೇಲೂ, ಮೈ ಚೆನ್ನಾಗಿಲ್ಲವೆಂದು ಶಂಕ್ರೆವ್ವ ಮೂರು ರವಿವಾರ ತಿರುಗಿಸಿ ಕಳಿಸಿದಳು. ನಾಲ್ಕನೆಯ ರವಿವಾರ ಬೀಳಗಿಯ ಕಡೆಯ ಸಾತವ್ವ ಎಂಬಾಕೆ ಮೊದಲ ಬಸ್ಸಿಗೆ ಬಂದು ಕಟ್ಟೆ ಹಿಡಿದು ಕುಳಿತುಬಿಟ್ಟಳು. ಮಡಿಲಲ್ಲಿ ಆರು ವರ್ಷದ ಮಗಳು ಪೂನಮ್. ಕೂಸಿನ ಕಣ್ಣಿನ ಕೆಳಗೆ, ರೆಪ್ಪೆಗೆ ಅಂಟಿದಂತೆಯೇ, ಹುಣಸೆಬೀಜದಷ್ಟು ಕರೀ ಮಚ್ಚೆ.

"ಬೀರಪ್ಪನ ಮ್ಯಾಲ ಆಣಿ ಮಾಡಿ ಬಂದೇನ್ರಿ ಅಮ್ಮಾರ, ಹಚ್ಚಿಸಿಕೊಳ್ಳದ ಹೋಗಾಕಿ ಅಲ್ಲ. ಸಾಲ್ಯಾಗ ಹುಡುಗ್ರು ನೊಣ ಕುಂತೈತಿ ಅಂತ ಕಾಡತಾವ. ಕೂಸು ಸಾಲಿಗಿ ಹೋಗಾಕ ಒಲ್ಲೆ ಅಂತೈತ್ರೀ."

ಕಟ್ಟೆಯ ಮೇಲೆ ಇನ್ನೂ ಹತ್ತು ಹನ್ನೆರಡು ಜನ ಕುಳಿತಿದ್ದರು. ಈಶ್ವರ ಒಳಗಿನಿಂದ ಬಂದ. "ಹಚ್ಚಿ ಕಳಸಬೇ ಯವ್ವಾ, ದೂರದಿಂದ ಬಂದಾರ. ನಿನ್ನ ಔಷಧದ್ದೇನ ತಪ್ಪೈತಿ ಇದರಾಗ?"

ಶಂಕ್ರೆವ್ವನಿಗೆ ಒಂದು ದಾರಿ ಕಂಡಿತು. ಸೀಸೆಯಲ್ಲಿರುವುದು ಬರಿ ಬೂದಿ. ಒಂದು ಹನಿ ಇಟ್ಟರೆ ಕೂಸಿಗೆ ಏನೂ ಆಗುವುದಿಲ್ಲ. ಮಚ್ಚೆಯೂ ಹೋಗುವುದಿಲ್ಲ, ಹೋಗದಿರಲಿ. ನಾಲ್ಕು ಜನರಿಗೆ ಗುಣವಾಗದಿದ್ದರೆ ಮುದುಕಿಯ ಕೈಗುಣ ಹೋಯಿತು ಎಂದು ಜನ ತಾವೇ ಬರುವುದು ಬಿಡುತ್ತಾರೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಆಕೆ ಸೀಸೆ ತಂದಳು, ಸಿಬಿರು ಅದ್ದಿದಳು.

"ಆಯಿ, ತಡಿ."

ಅಕ್ಷತಾ ಹೊಸ್ತಿಲಲ್ಲಿ ನಿಂತಿದ್ದಳು. ಮನೆಗೆ ಬಂದ ಮೇಲೆ ಹೊರಗಿನವರ ಮುಂದೆ ಬಂದದ್ದು ಅದೇ ಮೊದಲು. ಪೂನಮ್ ಆಕೆಯ ಮುಖ ನೋಡಿ ಹೆದರಿ ತಾಯಿಯ ಸೆರಗಿನಲ್ಲಿ ಅಡಗಿತು. ಅಕ್ಷತಾ ಬಂದು ಆಯಿಯ ಎದುರು ಕುಳಿತು ಎಡಗೈ ಚಾಚಿದಳು.

"ಮೊದಲ ನನಗ ಹಾಕು. ಇಲ್ಲೆ, ಎಲ್ಲಾರ ಮುಂದ. ಸುಟ್ಟರ ನಾ ಹೇಳಿದ್ದ ಖರೆ. ಸುಡಲಿಲ್ಲಂದ್ರ ನಾ ಸುಳ್ಳಿ, ಅಪ್ಪನ ಕಾಲ ಹಿಡಿತೇನಿ, ನಿನ್ನ ಕಾಲೂ ಹಿಡಿತೇನಿ. ಹಾಕ ಆಯಿ."

"ಅಕ್ಷೀ, ಒಳಗ ನಡಿ," ಎಂದು ಈಶ್ವರ ಗದರಿದ. ಆಕೆ ಕದಲಲಿಲ್ಲ. ಸುಡುತ್ತದೆ ಎಂದು ಹುಡುಗಿ ನಂಬಿದ್ದಳು. ಸುಡಿಸಿಕೊಳ್ಳಲೆಂದೇ ಬಂದು ಕುಳಿತಿದ್ದಳು, ತನ್ನ ಮಾತನ್ನು ಒಬ್ಬರಾದರೂ ನಂಬಲಿ ಎಂದು.

ಅದು ಸುಡುವುದಿಲ್ಲ ಎಂದು ಶಂಕ್ರೆವ್ವನಿಗೆ ಗೊತ್ತಿತ್ತು. ಈ ಒಂದು ಹನಿ ಆ ಕೈ ಮೇಲೆ ಬಿದ್ದರೆ ತಾನು ಜೀವ ಇರುವತನಕ ಪಾರು. ಹುಡುಗಿ ಜೀವ ಇರುವತನಕ ಸುಳ್ಳಿ. ಕಣ್ಣು ಹೋದವಳು, ಮುಖ ಹೋದವಳು, ಸುಳ್ಳಿ. ಸಿಬಿರಿನ ತುದಿಯಲ್ಲಿ ಹನಿ ತೂಗುತ್ತಿತ್ತು. ಅದೇ ಮಣಿಕಟ್ಟು. ಅಂದು ತಾನು ಒತ್ತಿ ಹಿಡಿದ ಮಣಿಕಟ್ಟು ಈಗ ಯಾರೂ ಹಿಡಿಯದೆ ತಾನಾಗಿ ಮುಂದೆ ಬಂದಿತ್ತು.

ಶಂಕ್ರೆವ್ವ ಸಿಬಿರು ಎಸೆದಳು. ಗೋಡೆ ಹಿಡಿದು ಎದ್ದಳು, ಅಂಗಳ ದಾಟಿ ಶೆಡ್ಡಿಗೆ ನಡೆದಳು. ಏನು ಎತ್ತ ತಿಳಿಯದೆ ಎಲ್ಲರೂ ಹಿಂದೆ ಬಂದರು. ಆಕೆ ಡ್ರಮ್ಮಿನ ಮುಚ್ಚಳ ತೆಗೆದಳು. ಕಿಟಕಿಯಲ್ಲಿದ್ದ ಚಹಾ ಕಪ್ಪಿನಲ್ಲಿ ಹಳಕು ತೆಗೆದುಕೊಂಡಳು, ಕೈಗೆ ತಾಗದಂತೆ ಕಪ್ಪನ್ನೇ ಓರೆ ಮಾಡಿ. ನೀರು ಬೆರೆಸಿದಳು, ಕಪ್ಪು ಬಿಸಿಯಾಗುವ ಮುನ್ನ ಕಟ್ಟೆಯ ಮೇಲಿಟ್ಟು ಕಡ್ಡಿಯಿಂದ ತಿರುವಿದಳು. ಎಷ್ಟು ಹಳಕಿಗೆ ಎಷ್ಟು ನೀರು, ಯಾವಾಗ ಕೈ ಬಿಡಬೇಕು, ಎಲ್ಲ ಆ ಕೈಗೆ ಗೊತ್ತಿತ್ತು. ಒಮ್ಮೆಯೂ ತಡವರಿಸಲಿಲ್ಲ. ಈಶ್ವರ ಅದನ್ನು ನೋಡಿದ. ನೋಡುನೋಡುತ್ತ ಆತನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಹನ್ನೊಂದ ವರ್ಷ ಇದನ್ನ ಹಾಕೇನಿ," ಎಂದಳು ಶಂಕ್ರೆವ್ವ. "ಬೂದಿ ಬರೇ ಬಣ್ಣಕ್ಕ. ನನ್ನ ಮೊಮ್ಮಗಳು ಸುಳ್ಳ ಹೇಳಿಲ್ಲ. ಅಕಿ ನೀರ ನೀರ ಅಂತ ಒದರಿದ್ಳು, ನಾ ಕೈ ಹಿಡದ ಕೂಡಿಸಿದ್ನಿ. ಸೀಸೆನೂ ನಾನ ತೊಳದಿಟ್ಟೇನಿ. ಸಾತವ್ವಾ, ಕೂಸಿನ್ನ ಕರಕೊಂಡು ಡಾಕ್ಟರ್ ಕಡೆ ಹೋಗು. ಮಚ್ಚಿ ಇದ್ದರ ಇರಲಿ, ಕಣ್ಣ ಇರಲಿ."

"ಅಮ್ಮಾರ ದುಃಖಕ್ಕ ಏನೇನರ ಅನ್ನಾಕತ್ತಾರ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಆಗಲೂ ನಂಬಲು ಅವರಿಗೆ ಮನಸ್ಸಿರಲಿಲ್ಲ! ಶಂಕ್ರೆವ್ವ ಎಡಗೈಯ ಬಳೆ ಮೇಲೆ ಸರಿಸಿ, ಮುಂಗೈ ಮೇಲೆ ಕಪ್ಪನ್ನು ಬೋರಲು ಹಾಕಿದಳು.

ಯಾರಿಗೂ ಕೈಕಾಲು ಆಡಲಿಲ್ಲ. ಈಶ್ವರ ಕಂಬ ಹಿಡಿದು ನಿಂತಿದ್ದ, ತಾಯಿಯ ಕಡೆ ಒಂದು ಹೆಜ್ಜೆ ಇಡಲಾರದೆ. ಶಂಕ್ರೆವ್ವ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕುಳಿತಳು. ಚರ್ಮ ಮೊದಲು ಒದ್ದೆಯಾಗಿ ಮಿಂಚಿತು, ಆಮೇಲೆ ಕೆಂಪಾಯಿತು. ಹಲ್ಲು ಕಚ್ಚಿದಳು, ಟಾಕಿಯ ಕಡೆ ನೋಡಲಿಲ್ಲ. ಹನ್ನೆರಡು ನಿಮಿಷ ಕೂರುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಕುಳಿತಿದ್ದಳು.

ಜನರನ್ನು ಸರಿಸಿಕೊಂಡು ಅಕ್ಷತಾ ಬಂದಳು. ಬಲಗಡೆ ಕಾಣದೆ ಯ‍ಲ್ಲಾಲಿಂಗನಿಗೆ ಬಡಿದು, ಬಾಗಿಲಿಗೆ ಬಡಿದು ಬಂದಳು. ಆಯಿಯ ರಟ್ಟೆ ಹಿಡಿದು ದರದರ ಎಳೆದಳು.

"ಬಿಡ ಯವ್ವಾ, ಸುಡಲಿ," ಎಂದಳು ಶಂಕ್ರೆವ್ವ.

"ಮೊದಲ ನೀರ," ಎಂದಳು ಅಕ್ಷತಾ. "ಆಮ್ಯಾಗ ಮಾತ."

ಮುದುಕಿಯ ಕೈಯನ್ನು ಟಾಕಿಯ ನಲ್ಲಿಯ ಕೆಳಗೆ ಹಿಡಿದಳು. ನಲ್ಲಿಯ ನೀರು ಸಣ್ಣಗಿದೆ ಎನಿಸಿ ತಂಬಿಗೆ ಎತ್ತಿಕೊಂಡು ಮೊಗೆಮೊಗೆದು ಸುರಿದಳು. ನೀರು ಬೀಳುವ ಸಪ್ಪಳದ ನಡುವೆ, ತಲೆ ಎತ್ತದೆ, ಒಂದೇ ಮಾತು ಕೇಳಿದಳು.

"ಅವತ್ತು ಕೈ ಹಿಡದಾಗ, ಇದು ಏನಂತ ನಿನಗ ಗೊತ್ತಿತ್ತು?"

ಇಷ್ಟು ದಿನ ಏಳದ ನಾಲಿಗೆ ಈಗ ಎದ್ದಿತು. "ಗೊತ್ತಿತ್ತವ್ವಾ," ಎಂದಳು ಶಂಕ್ರೆವ್ವ.

ತಂಬಿಗೆ ಅಲ್ಲೇ ನಿಂತಿತು. ಶಂಕ್ರೆವ್ವ ಕಣ್ಣು ಮುಚ್ಚಿದಳು. ಈಗ ಆ ತಂಬಿಗೆಯಿಂದ ತಲೆಗೆ ಹೊಡೆದರೂ ಸರಿ, ಕೈ ಬಿಟ್ಟು ಹೊರಟುಹೋದರೂ ಸರಿ ಎಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೀರು ಬಿತ್ತು.

ಅರ್ಧ ತಾಸು ಹಾಕಬೇಕೆಂದು ಡಾಕ್ಟರಮ್ಮ ಹೇಳಿದ್ದು ಬಾಗಿಲಾಚೆ ಮಲಗಿದ್ದ ಹುಡುಗಿಗೂ ಕೇಳಿತ್ತು, ನೆನಪಿತ್ತು. ಅಕ್ಷತಾ ಪೂರಾ ಅರ್ಧ ತಾಸು ಹಾಕಿದಳು. ಆಮೇಲೆ ತಂಬಿಗೆಯನ್ನು ಟಾಕಿಯ ಅಂಚಿನ ಮೇಲೆ ಬೋರಲಿಟ್ಟು, ಗೋಡೆ ತಡವುತ್ತ ಒಳಗೆ ಹೋದಳು. ಆ ಮನೆಯಲ್ಲಿ ಇವತ್ತಿಗೂ ಆಯಿಯ ಸುಟ್ಟ ಕೈಗೆ ಮುಲಾಮು ಹಚ್ಚುವವಳು, ಪಟ್ಟಿ ಕಟ್ಟುವವಳು ಅಕ್ಷತಾನೇ. ಮಾತು ಮಾತ್ರ ಆಡುವುದಿಲ್ಲ.